ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ: ಅಡ್ವಾನ್ಸ್ ಕೊಡುವ ಮುಂಚೆ ಕ್ಲಚ್ ನೋಡಿಕೊಳ್ಳಿ

ಅಣ್ಣಾ, ಅಡ್ವಾನ್ಸ್ ಈಗಲೇ ಕೊಡಬೇಡಿ. ಹಾಗಂತ ಗಾಡಿ ಬಿಡಿ ಅಂತಲೂ ಹೇಳುತ್ತಿಲ್ಲ.

ನೀವು ಹೇಳಿದ್ದು ಇಷ್ಟು. ಕೊಳ್ಳಲು ನೋಡುತ್ತಿರುವುದು ಸೆಕೆಂಡ್ ಹ್ಯಾಂಡ್ ಡೀಸೆಲ್ ಹ್ಯಾಚ್‌ಬ್ಯಾಕ್ ಕಾರು, ಮೀಟರ್‌ನಲ್ಲಿ 78,000 ಕಿ.ಮೀ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಟ್ರಯಲ್ ಹೋದಿರಿ. ಭರಮಸಾಗರದ ಹತ್ತಿರ ಲಾರಿಯನ್ನು ಓವರ್‌ಟೇಕ್ ಮಾಡೋಣ ಅಂತ ಎಕ್ಸಲರೇಟರ್ ಒತ್ತಿದರೆ ಎಂಜಿನ್ ಕೂಗಿತು, ಗಾಡಿ ಇದ್ದಲ್ಲೇ ಇತ್ತು. ಮಾರುವವರು "ಡೀಸೆಲ್ ಫಿಲ್ಟರ್ ಕಟ್ಟಿದೆ, ಬದಲಾಯಿಸಿದರೆ ಸರಿ ಹೋಗುತ್ತೆ" ಅಂದರು.

ಫಿಲ್ಟರ್ ಮಾತು ಇಲ್ಲಿ ಕೂರುವುದಿಲ್ಲ. ಫಿಲ್ಟರ್ ಕಟ್ಟಿದರೆ ಎಂಜಿನ್‌ಗೆ ಡೀಸೆಲ್ ಸಾಲುವುದಿಲ್ಲ, ಹಾಗಾಗಿ ಎಂಜಿನ್ನೇ ಮೇಲೇಳುವುದಿಲ್ಲ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ತೋರಿಸುವ ಮುಳ್ಳು ಮಲಗಿರುತ್ತದೆ. ಟರ್ಬೋ ಪೈಪ್ ಬಿರುಕು ಬಿಟ್ಟಿದ್ದರೂ ಅಷ್ಟೇ, ಗಾಡಿ ಎಳೆಯುವುದಿಲ್ಲ, ಆರ್‌ಪಿಎಂ ಕೂಡ ಏರುವುದಿಲ್ಲ, ಕೆಲವು ಸಲ ಕಪ್ಪು ಹೊಗೆ ಬರುತ್ತದೆ. ನಿಮ್ಮದರಲ್ಲಿ ಎಂಜಿನ್ ಸುಖವಾಗಿ ಮೇಲೆ ಹೋಗಿದೆ, ಆದರೆ ಅದರ ಶಕ್ತಿ ಚಕ್ರಕ್ಕೆ ಮುಟ್ಟಿಲ್ಲ. ಮ್ಯಾನ್ಯುಯಲ್ ಗೇರ್ ಗಾಡಿಯಲ್ಲಿ ಈ ಎರಡರ ನಡುವೆ ಜಾರಬಹುದಾದ ಜಾಗ ಒಂದೇ, ಎಂಜಿನ್ನನ್ನು ಗೇರ್ ಬಾಕ್ಸ್‌ಗೆ ಹಿಡಿದು ಜೋಡಿಸುವ ಕ್ಲಚ್. ಆದರೂ ಒಂದು ಸಲ ಕೂಗಿತು ಅಂತ ತೀರ್ಮಾನ ಮಾಡಬೇಡಿ. ಗಾಬರಿಯಲ್ಲಿ ಕಾಲು ಕ್ಲಚ್ ಮೇಲೆ ಉಳಿದಿದ್ದರೂ ಹೀಗೇ ಆಗುತ್ತದೆ.

ಇನ್ನೊಂದು ಟ್ರಯಲ್ ಕೇಳಿ. ಈ ಸಲ ಅರ್ಧ ಗಂಟೆಯಾದರೂ ಓಡಿಸಿ. ಯಾರ್ಡ್‌ನಿಂದ ಹೊರಟು ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹೊಡೆದು ಬಂದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಸವೆದ ಕ್ಲಚ್ ತಣ್ಣಗಿದ್ದಾಗ ಚೆನ್ನಾಗಿಯೇ ಹಿಡಿಯುತ್ತದೆ, ಬಿಸಿಯಾದ ಮೇಲೆ ಬಣ್ಣ ತೋರಿಸುತ್ತದೆ. ಪೇಟೆಯೊಳಗೆ ಸ್ವಲ್ಪ ಓಡಿಸಿ, ಆಮೇಲೆ ಹೈವೇ ಹತ್ತಿ. ಜೊತೆಗೆ ಇಬ್ಬರನ್ನೋ ಮೂವರನ್ನೋ ಕೂರಿಸಿಕೊಳ್ಳಿ, ಭಾರ ಬೇಕು. ಎಸಿ ಮಾತ್ರ ಆಫ್ ಇರಲಿ. ಲೋಡ್ ಬೀಳಲಿ ಅಂತ ತುಂಬಾ ಜನ ಎಸಿ ಹಾಕಿ ಟೆಸ್ಟ್ ಮಾಡುತ್ತಾರೆ, ಅದು ಉಲ್ಟಾ. ಎಸಿ ಕಂಪ್ರೆಸರ್ ಎಂಜಿನ್‌ನಿಂದ ನೇರವಾಗಿ ಬೆಲ್ಟ್‌ನಲ್ಲಿ ಶಕ್ತಿ ಎಳೆದುಕೊಳ್ಳುತ್ತದೆ, ಕ್ಲಚ್‌ಗೆ ಬರುವ ಒತ್ತಡ ಅಷ್ಟು ಕಮ್ಮಿ ಆಗುತ್ತದೆ.

ಹೈವೇಯಲ್ಲಿ ಹಿಂದೆ ಗಾಡಿ ಇಲ್ಲದಾಗ ನಾಲ್ಕನೇ ಗೇರ್‌ನಲ್ಲಿ ಸ್ಪೀಡ್ ಗಂಟೆಗೆ 50 ಕಿ.ಮೀ.ಗೆ ಹಿಡಿದುಕೊಳ್ಳಿ. ಪಕ್ಕದಲ್ಲಿ ಕೂತವರು ಆರ್‌ಪಿಎಂ ಬರೆದುಕೊಳ್ಳಲಿ. 1,600 ಇತ್ತು ಅಂತ ಇಟ್ಟುಕೊಳ್ಳಿ. ಗೇರ್ ಬದಲಾಗದೇ ಇದ್ದರೆ ಆರ್‌ಪಿಎಂ ಮತ್ತು ಸ್ಪೀಡ್ ಒಟ್ಟಿಗೇ ಏರಬೇಕು, ಲೆಕ್ಕ ತಪ್ಪುವ ಹಾಗೇ ಇಲ್ಲ: 75ಕ್ಕೆ 2,400 ಇರಲೇಬೇಕು. ಈಗ ಎಕ್ಸಲರೇಟರ್ ಪೂರ್ತಿ ಒತ್ತಿ. ಟರ್ಬೋ ಡೀಸೆಲ್‌ಗಳು ಸಾಮಾನ್ಯವಾಗಿ 2,000 ಆಸುಪಾಸಿನಲ್ಲಿ ಜೋರಾಗಿ ಎಳೆಯುತ್ತವೆ, ಸೋತ ಕ್ಲಚ್ ಕೈಕೊಡುವುದೂ ಅಲ್ಲೇ. ಸ್ಪೀಡ್ ಇನ್ನೂ 55 ಇರುವಾಗ ಮುಳ್ಳು 2,300ಕ್ಕೆ ಹಾರಿದರೆ, ಕಾಲು ಸ್ವಲ್ಪ ಸಡಿಲಿಸಿದ ತಕ್ಷಣ ಮತ್ತೆ ಕೆಳಗೆ ಬಂದು ಕೂತರೆ, ಅದು ಜಾರುವ ಕ್ಲಚ್ಚೇ. ಐದನೇ ಗೇರ್‌ನಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ. ಒಂದೋ ಎರಡೋ ಸಲ ಸಾಕು, ಪದೇ ಪದೇ ಮಾಡಿದರೆ ಉಳಿದಿರುವ ಕ್ಲಚ್ ಪ್ಲೇಟೂ ಸುಡುತ್ತದೆ, ಗಾಡಿ ಇನ್ನೂ ನಿಮ್ಮದಲ್ಲ ಅಲ್ವಾ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಆರ್‌ಪಿಎಂ ಮೀಟರ್ ಇರುವುದಿಲ್ಲ. ಆಗ ಕಿವಿಯೇ ಗತಿ, ಇಲ್ಲವೇ ಗಾಡಿಯ ಕಂಪ್ಯೂಟರ್‌ನಿಂದ ಅಂಕಿ ಓದುವ ಒಬಿಡಿ ರೀಡರ್ ಚುಚ್ಚಿ ಮೊಬೈಲ್‌ನಲ್ಲಿ ಎರಡೂ ಅಂಕಿ ನೋಡಿಕೊಳ್ಳಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟ ಹತ್ತಿಸಿ ನೋಡಿ ಅಂದಿದ್ದಾರೆ. ಏರು ಒಳ್ಳೆಯದೇ. ಆದರೆ ಆ ತಿರುವುಗಳಲ್ಲಿ ಮೊದಲನೇ, ಎರಡನೇ ಗೇರ್‌ನಲ್ಲೇ ಹೋಗಬೇಕು. ಸಣ್ಣ ಗೇರ್‌ನಲ್ಲಿ ಗಾಡಿ ಸಲೀಸಾಗಿ ಮುಂದೆ ಹೋಗಿಬಿಡುವುದರಿಂದ ಅಲ್ಪಸ್ವಲ್ಪ ಜಾರಿದರೆ ತಿಳಿಯುವುದೇ ಇಲ್ಲ. ಹೈವೇ ಫ್ಲೈಓವರ್ ಏರಿನಲ್ಲಿ ನಾಲ್ಕನೇ ಗೇರೇ ವಾಸಿ.

ಹ್ಯಾಂಡ್ ಬ್ರೇಕ್ ಎಳೆದು ಮಾಡುವ ಟೆಸ್ಟ್ ಎಲ್ಲರಿಗೂ ಗೊತ್ತಿರುತ್ತದೆ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಹಾಕಿ, ಬಲಗಾಲು ಬ್ರೇಕ್ ಮೇಲಿಟ್ಟು, ಮೂರನೇ ಗೇರ್‌ನಲ್ಲಿ ಕ್ಲಚ್ ನಿಧಾನಕ್ಕೆ ಪೂರ್ತಿ ಬಿಡಿ. ಎಂಜಿನ್ ಟಕ್ಕಂತ ಆಫ್ ಆಗಬೇಕು. ಕ್ಲಚ್ ಬಿಟ್ಟ ಮೇಲೂ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ, ತಕ್ಷಣ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ. ಆದರೆ ಈ ಟೆಸ್ಟ್ ಪಾಸಾದರೆ ಕ್ಲಚ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಇದು ಪೂರ್ತಿ ಸತ್ತಿರುವ ಕ್ಲಚ್ ಅನ್ನು ಮಾತ್ರ ಹಿಡಿಯುತ್ತದೆ.

ಜಾರುತ್ತಿರುವುದು ಖಾತ್ರಿಯಾಯಿತು ಅನ್ನಿ. ಆಗಲೂ ಪ್ಲೇಟ್ ಹೋಗಿದೆ ಅಂತ ನೇರವಾಗಿ ಹೇಳುವ ಹಾಗಿಲ್ಲ, ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಬಾನೆಟ್ ಎತ್ತಿ, ಪೆಡಲ್‌ನಿಂದ ಕ್ಲಚ್‌ಗೆ ಇರುವುದು ತಂತಿ ಎಳೆಯುವ ಕೇಬಲ್ಲೋ, ಆಯಿಲ್ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ಕೋ ನೋಡಿ. ಕೇಬಲ್ ಆದರೆ ಪೆಡಲ್ ಅನ್ನು ಕೈಯಿಂದ ಒತ್ತಿ ನೋಡಿ, ಕಾಲಿಗೆ ಇದು ತಿಳಿಯುವುದಿಲ್ಲ. ಮೊದಲು ಸ್ವಲ್ಪ ದೂರ ಸುಮ್ನೆ ಹಗುರವಾಗಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಅದೇ ಫ್ರೀ ಪ್ಲೇ. ಎಷ್ಟಿರಬೇಕು ಅನ್ನುವುದು ಗಾಡಿಯ ಜೊತೆ ಬರುವ ಮ್ಯಾನ್ಯುಯಲ್ ಪುಸ್ತಕದಲ್ಲಿ ಇರುತ್ತದೆ. ಒಂದು ಚೂರೂ ಇಲ್ಲದೆ ಮುಟ್ಟಿದ ಕೂಡಲೇ ಬಿಗಿ ಇದ್ದರೆ, ಯಾರೋ ಸದಾ ಪೆಡಲ್ ಮೇಲೆ ಕಾಲಿಟ್ಟು ಓಡಿಸಿದ ಹಾಗೆ, ಕ್ಲಚ್ ಪೂರ್ತಿ ಕೂರುತ್ತಲೇ ಇಲ್ಲ. ಇದು ನಟ್ ಸಡಿಲಿಸಿದರೆ ಸರಿ ಹೋಗುವ ಕೆಲಸ. ಆದರೆ ಪ್ಲೇಟ್ ಸವೆಯುತ್ತಾ ಹೋದಂತೆ ಫ್ರೀ ಪ್ಲೇ ತಾನಾಗಿಯೇ ಕಮ್ಮಿ ಆಗುತ್ತದೆ. ಹಾಗಾಗಿ ಅಡ್ಜಸ್ಟ್ ಮಾಡುವ ನಟ್ ಆಗಲೇ ಕೊನೆಯ ದಾರಕ್ಕೆ ಬಂದು ನಿಂತಿದ್ದರೆ, ಹಳೆಯ ಓನರ್ ಎಲ್ಲಾ ಸಡಿಲಿಸಿ ಮುಗಿಸಿದ್ದಾರೆ ಅಂತಲೇ ತಿಳಿಯಿರಿ. ದಾರದ ಮೇಲೆ ಹೊಸದಾಗಿ ಸ್ಪ್ಯಾನರ್ ಆಡಿಸಿದ ಹೊಳಪು ಕಂಡರೆ ಇನ್ನೂ ಅನುಮಾನ ಪಡಿ.

ಹೈಡ್ರಾಲಿಕ್ ಆದರೆ ಪೆಡಲ್ ನೋಡಿ ಹೇಳುವುದು ಕಷ್ಟ, ಸವೆತಕ್ಕೆ ತಕ್ಕ ಹಾಗೆ ಅದೇ ಸರಿಮಾಡಿಕೊಳ್ಳುತ್ತದೆ. ಅಲ್ಲಿ ಇರುವ ಚಾನ್ಸ್ ಏನೆಂದರೆ, ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಆಯಿಲ್ ವಾಪಸ್ ಬರುವ ತೂತು ಕಟ್ಟಿಕೊಂಡು ಒತ್ತಡ ಒಳಗೇ ಉಳಿಯುವುದು. ಒಳ್ಳೆ ಮೆಕ್ಯಾನಿಕ್ ಇದನ್ನು ಐದು ನಿಮಿಷದಲ್ಲಿ ಹಿಡಿಯುತ್ತಾರೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್‌ನ ಬ್ಲೀಡ್ ಸ್ಕ್ರೂ ಸಡಿಲಿಸಿ ಒತ್ತಡ ಬಿಟ್ಟು ನೋಡುತ್ತಾರೆ. ಬಿಟ್ಟ ಮೇಲೆ ಕ್ಲಚ್ ಹಿಡಿದರೆ ತೊಂದರೆ ಪೆಡಲ್ ಕಡೆ ಇದೆ, ಗೇರ್ ಬಾಕ್ಸ್ ಇಳಿಸಬೇಕಾಗಿಲ್ಲ.

ಮೂರನೆಯದು ಎಂಜಿನ್ ಅಥವಾ ಗೇರ್ ಬಾಕ್ಸ್ ಆಯಿಲ್ ಸೋರಿ ಪ್ಲೇಟ್‌ಗೆ ತಗುಲುವುದು, ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ಗಾಡಿಯನ್ನು ರ‍್ಯಾಂಪ್ ಹತ್ತಿಸಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ, ಕೆಳಭಾಗದಲ್ಲಿ, ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಮಣ್ಣು ರಸ್ತೆಯಲ್ಲಿ ಓಡಿದ ಗಾಡಿಗಳಿಗೆ ಕೆಳಗೆಲ್ಲಾ ಒಣ ಧೂಳು ಮೆತ್ತಿರುತ್ತದೆ, ಅದು ಸಹಜ. ಆ ಜೋಡಣೆಯ ಹತ್ತಿರ ಮಾತ್ರ ಧೂಳು ಕಪ್ಪಗೆ ಒದ್ದೆಯಾಗಿ, ಕೆರೆದರೆ ಉಗುರಿಗೆ ಜಿಡ್ಡಾಗಿ ಅಂಟಿಕೊಂಡರೆ, ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಹಿಂದಿನ ಸೀಲೋ ಗೇರ್ ಬಾಕ್ಸ್‌ನ ಮುಂದಿನ ಸೀಲೋ ಸೋರುತ್ತಿದೆ. ಆಯಿಲ್ ಕುಡಿದ ಪ್ಲೇಟ್ ಅನ್ನು ಪೆಟ್ರೋಲ್‌ನಲ್ಲಿ ತೊಳೆದು ಹಾಕುತ್ತೇನೆ ಅಂದರೆ ಒಪ್ಪಬೇಡಿ, ಬಿಸಿಯಾದಾಗ ಮತ್ತೆ ಬೆವರುತ್ತದೆ. ಸೀಲ್ ಬಿಟ್ಟು ಬರೀ ಪ್ಲೇಟ್ ಹಾಕಿಸಿದರೆ ಹೊಸದೂ ಹಾಳಾಗುತ್ತದೆ.

ಇದ್ಯಾವುದೂ ಇಲ್ಲದಿದ್ದರೆ ಪ್ಲೇಟ್ ಸವೆದಿರುವುದೇ. 78,000ಕ್ಕೆ ಸವೆಯುವುದು ಆಶ್ಚರ್ಯ ಏನಲ್ಲ. ಹೈವೇಯಲ್ಲೇ ಓಡಿದ ಗಾಡಿ ಲಕ್ಷ ದಾಟಿಸುತ್ತದೆ, ಪೆಡಲ್ ಅರ್ಧ ಒತ್ತಿಕೊಂಡು ಹಾಫ್ ಕ್ಲಚ್‌ನಲ್ಲೇ ಓಡಿಸುವವರ ಕೈಗೆ ಸಿಕ್ಕರೆ ಅದರ ಅರ್ಧಕ್ಕೂ ಬರುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಮೆಕ್ಕೆಜೋಳದ ಕಾಳು, ಗೊಬ್ಬರದ ಪುಡಿ ಸಿಕ್ಕರೆ ಮೂಟೆ ಹೊತ್ತ ಗಾಡಿ.

ವ್ಯಾಪಾರ ಮಾತಾಡುವಾಗ "ಪ್ಲೇಟ್ ಒಂದೇ ತಾನೇ" ಅನ್ನುವ ಮಾತಿಗೆ ಸಿಕ್ಕಿಹಾಕಿಕೊಳ್ಳಬೇಡಿ. ಇಲ್ಲಿ ದೊಡ್ಡ ಕೆಲಸ ಗೇರ್ ಬಾಕ್ಸ್ ಇಳಿಸುವುದು. ಒಮ್ಮೆ ಇಳಿಸಿದ ಮೇಲೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹೊಸದು ಹಾಕಿಸಬೇಕು, ಸೀಲ್ ಸೋರುತ್ತಿದ್ದರೆ ಅದೂ ಸೇರಿ. ಬೇರಿಂಗ್ ಉಳಿಸಲು ಹೋಗಿ ಆರು ತಿಂಗಳಿಗೆ ಅದು ಕಿರುಚತೊಡಗಿದರೆ ಮತ್ತೆ ಅದೇ ಕೂಲಿ. ಪ್ಲೇಟ್ ಒತ್ತಿ ಕೂರುವ ಎಂಜಿನ್ ಕಡೆಯ ಚಕ್ರ, ಅಂದರೆ ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಇದೆಯಾ ನೋಡಿಸಿ. ಸಾಧಾರಣ ಫ್ಲೈವೀಲ್ ಆದರೆ ಲೇತ್‌ನಲ್ಲಿ ಸ್ವಲ್ಪ ಉಜ್ಜಿಸಬಹುದು. ಕೆಲವು ಡೀಸೆಲ್ ಗಾಡಿಗಳಲ್ಲಿ ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಅದು ಹೋಗಿದ್ದರೆ ಖರ್ಚು ಬೇರೆಯೇ ಮಟ್ಟಕ್ಕೆ ಹೋಗುತ್ತದೆ, ನಿಮ್ಮ ಮಾಡೆಲ್‌ಗೆ ಯಾವುದಿದೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ದಾವಣಗೆರೆಯಲ್ಲೇ ಇಬ್ಬರು ಮೆಕ್ಯಾನಿಕ್ ಹತ್ತಿರ ಪೂರ್ತಿ ಸೆಟ್, ಕೂಲಿ, ಗೇರ್ ಆಯಿಲ್ ಸೇರಿಸಿ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಇಟ್ಟು ರೇಟ್ ಇಳಿಸಲು ಕೇಳಿ. "ನಾವೇ ಮಾಡಿಸಿ ಕೊಡುತ್ತೇವೆ" ಅಂದರೆ ನಾನಾಗಿದ್ದರೆ ಒಪ್ಪುವುದಿಲ್ಲ, ಒಳಗೆ ಏನು ಹಾಕಿದರು ಅಂತ ನೋಡುವವರು ಯಾರು. ದುಡ್ಡು ಕಡಿಮೆ ಮಾಡಿಸಿಕೊಂಡು ನಮ್ಮವರ ಹತ್ತಿರ ಮಾಡಿಸುವುದೇ ವಾಸಿ. ಹಳೆ ಸಾಮಾನು ಕೈಗೆ ಇಸ್ಕೊಳ್ಳಿ. ಪ್ಲೇಟ್‌ನ ರಿವೆಟ್ ತಲೆಗಳು ಲೈನಿಂಗ್ (ಪ್ಲೇಟ್ ಮೇಲಿನ ಹಿಡಿಯುವ ಪದರ) ಮಟ್ಟಕ್ಕೇ ಬಂದಿದ್ದರೆ ಬದಲಾಯಿಸಿದ್ದು ಸರಿ ಅಂತ ನಿಮಗೇ ಕಾಣುತ್ತದೆ.

ಸೆಟ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಭಾರ ಹೇರಬೇಡಿ, ಜೋರಾಗಿ ಎಳೆಸಬೇಡಿ. ಸೆಟ್ ಹಾಕಿಸುವವರೆಗೆ ಜಾರುವ ಗಾಡಿಯಲ್ಲಿ ಬೆಂಗಳೂರು ಕಡೆ ಹೊರಡುವುದು ಬೇಡ. ಹಿರಿಯೂರು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂದು ನಿಂತರೆ ಟೋಯಿಂಗ್ ಖರ್ಚು ಬೇರೆ.

ಟ್ರಯಲ್ ಆದ ಮೇಲೆ ಮಾಡೆಲ್ ಹೆಸರು, ವರ್ಷ, 50ಕ್ಕೂ 75ಕ್ಕೂ ಬಂದ ಆರ್‌ಪಿಎಂ, ಕೇಬಲ್ ನಟ್ ಇದ್ದರೆ ಅದರ ಫೋಟೋ ಇಷ್ಟು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.