ಚೆಂದದ ಕ್ವಿಲ್ಟ್‌ಗೂ ಬಹುಮಾನ ಯಾಕೆ ಬರುವುದಿಲ್ಲ?

ನಿಮ್ಮ ಕ್ವಿಲ್ಟಿನ (ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆಯ) ಬಣ್ಣ, ಡಿಸೈನ್ ಎಲ್ಲರೂ ಹೊಗಳುತ್ತಾರೆ, ಸ್ಪರ್ಧೆಗಿಟ್ಟರೆ ಮಾತ್ರ ಬಹುಮಾನ ಇಲ್ಲ ಅಂತ ಬರೆದಿದ್ದೀರಿ. ಒಂದು ಕೆಲಸ ಮಾಡಿ. ಅದನ್ನು ಗೋಡೆಗೆ ತೂಗುಹಾಕಿ, ಪಕ್ಕಕ್ಕೆ ನಿಂತು ಅಂಚು ನೋಡಿ. ನನ್ನ ಮೊದಲ ಕ್ವಿಲ್ಟ್ ಸೋತದ್ದು ಅಲ್ಲೇ. ತೀರ್ಪಿನ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಬಾರ್ಡರ್ ಅಲೆ ಅಲೆಯಾಗಿದೆ. ಮಂಚದ ಮೇಲೆ ಹಾಸಿದಾಗ ನನಗದು ಕಂಡೇ ಇರಲಿಲ್ಲ!

ತಪ್ಪು ನನ್ನದೇ. ಬಾರ್ಡರಿಗೆ ಉದ್ದದ ಪಟ್ಟಿ ಇಟ್ಟು ಹೊಲಿಯುತ್ತಾ ಹೋಗಿ, ಕೊನೆಗೆ ಮಿಕ್ಕಿದ್ದನ್ನು ಕತ್ತರಿಸಿದ್ದೆ. ಹೊಲಿಯುವಾಗ ಬಟ್ಟೆ ಚೂರುಚೂರೇ ಹಿಗ್ಗುತ್ತದೆ, ಗೊತ್ತೇ ಆಗುವುದಿಲ್ಲ. ಈಗ ಕ್ವಿಲ್ಟಿನ ನಡುವೆ ಟೇಪ್ ಹಿಡಿದು ಅಳೆಯುತ್ತೇನೆ. ಎರಡೂ ಬದಿಯ ಪಟ್ಟಿಯನ್ನು ಅದೇ ಅಳತೆಗೆ ಕತ್ತರಿಸಿ, ಗುಂಡುಪಿನ್ ಚುಚ್ಚಿ ಕೂರಿಸಿದ ಮೇಲೇ ಮಿಷನ್ ಮುಂದೆ ಕೂರುವುದು.

ಇನ್ನು ಬೈಂಡಿಂಗ್, ಅಂದರೆ ಅಂಚಿನ ಸುತ್ತ ಮಡಚಿ ಹೊಲಿಯುವ ಪಟ್ಟಿ. ತೀರ್ಪುಗಾರರು ಅದನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಒಳಗಿನ ಬ್ಯಾಟಿಂಗ್ (ನಡುವೆ ಹಾಕುವ ಮೆತ್ತನೆಯ ಪದರ) ಅಂಚಿನ ತನಕ ತುಂಬಿರಬೇಕು, ಟೊಳ್ಳಾಗಿರಬಾರದು. ಮೂಲೆಯ ಮಡಿಕೆಯನ್ನು ಹಿಂದೆ, ಮುಂದೆ ಎರಡೂ ಕಡೆ ಸಣ್ಣ ಹೊಲಿಗೆಯಲ್ಲಿ ಮುಚ್ಚಿ. ಬಹಳ ಜನ ಹಿಂದುಗಡೆ ಸುಮ್ನೆ ಬಿಟ್ಟುಬಿಡುತ್ತಾರೆ.

ಕಷ್ಟದ ಪ್ಯಾಟರ್ನ್ ಆದರೆ ಜಾಸ್ತಿ ಅಂಕ ಅಂತಲೂ ನಂಬಬೇಡಿ. ತುದಿ ಮೊಂಡಾದ ನಕ್ಷತ್ರಕ್ಕಿಂತ ಮೂಲೆಗೆ ಮೂಲೆ ಕೂಡಿದ ಬರೀ ಚೌಕಗಳೇ ವಾಸಿ. ಹೊಲಿಗೆಯಿಂದ ಬಟ್ಟೆಯ ಅಂಚಿಗೆ 1/4 ಇಂಚು ಬಿಡಬೇಕಾದ ಕಡೆ 1/16 ಇಂಚು ಜಾಸ್ತಿ ಬಿಟ್ಟಿರಿ ಅಂದುಕೊಳ್ಳಿ. ಕೂಡಿಸುವ ಎರಡು ತುಂಡಿಂದಲೂ ಹೋಗುತ್ತದಲ್ವಾ, ಒಂದು ಹೊಲಿಗೆಗೆ 1/8 ಇಂಚು. ಎಂಟು ಹೊಲಿಗೆ ಆಗುವಷ್ಟರಲ್ಲಿ ಸಾಲು ಪೂರಾ 1 ಇಂಚು ಗಿಡ್ಡ! ಪಕ್ಕದ ಸಾಲಿನ ಜೊತೆ ಅದು ಹೇಗೆ ಕೂಡುತ್ತದೆ?

ಹಾಗಂತ ಬರೀ ಅಚ್ಚುಕಟ್ಟಿದ್ದರೆ ಸಾಲದು. ದೂರದಿಂದ ಕಂಡವರು ಹತ್ತಿರ ಬರುವಂತಿರಬೇಕು. ಬ್ಲಾಕ್‌ಗಳನ್ನು (ತುಂಡು ಕೂಡಿಸಿ ಹೊಲಿದ ಚೌಕಗಳನ್ನು) ಜೋಡಿಸುವ ಮುಂಚೆ ಫೋನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಎಲ್ಲ ಒಂದೇ ಬೂದಿ ಬಣ್ಣವಾಗಿ ಕಂಡರೆ, ನೀವು ಕಷ್ಟಪಟ್ಟ ಡಿಸೈನ್ ದೂರಕ್ಕೆ ಕಾಣುವುದೇ ಇಲ್ಲ. ಅಲ್ಲಲ್ಲಿ ಗಾಢ ಬಟ್ಟೆ ಸೇರಿಸಿ.

ಕಳಿಸುವ ಹಿಂದಿನ ರಾತ್ರಿ ಗುರುತು ಹಾಕಿದ ಪೆನ್ಸಿಲ್ ಗೆರೆ, ಬಿಡಿ ದಾರ ಹುಡುಕಿ ತೆಗೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಕೂದಲನ್ನೂ. ನಮ್ಮ ಬೆಕ್ಕು ಮಲಗಲು ಆರಿಸಿಕೊಳ್ಳುವುದು ಯಾವಾಗಲೂ ಸ್ಪರ್ಧೆಯ ಕ್ವಿಲ್ಟನ್ನೇ.