ಕಲ್ಲಿದ್ದಲು ಹೊತ್ತ ಹಡಗು

ಪ್ರಶ್ನೆ: ಬ್ರಿಟಿಷ್ ನಾವಿಕ, ಅನ್ವೇಷಕ ಜೇಮ್ಸ್ ಕುಕ್ ಅವರ 'ಎಂಡೆವರ್' ಮೊದಲು ಸರಕು ಹಡಗಾಗಿತ್ತೇ? ಕೊನೆಗೆ ಅದು ಏನಾಯಿತು?

ಉತ್ತರ: ಹೌದು. 1764ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ನೀರಿಗಿಳಿದಾಗ ಅದರ ಹೆಸರು 'ಅರ್ಲ್ ಆಫ್ ಪೆಂಬ್ರೋಕ್', ಕಸುಬು ಕಲ್ಲಿದ್ದಲು ಸಾಗಣೆ. ನೋಡಲು ಅಂದವಿಲ್ಲದಿದ್ದರೂ, ಮರಳ ದಡದ ಮೇಲೆ ನೆಟ್ಟಗೆ ಕೂರಬಲ್ಲ ಚಪ್ಪಟೆ ತಳ ಮತ್ತು ವಿಶಾಲ ಒಡಲು ಇದ್ದುದರಿಂದ 1768ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಸುಮಾರು 2,840 ಪೌಂಡಿಗೆ ಕೊಂಡು 'ಎಂಡೆವರ್' ಎಂದು ಹೆಸರಿಟ್ಟಿತು. 1770ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ಅದು ಸಿಕ್ಕಿಕೊಂಡಾಗ ನಾವಿಕರು ಆರು ಫಿರಂಗಿಗಳನ್ನು ಸಮುದ್ರಕ್ಕೆಸೆದು ಭಾರ ಇಳಿಸಿದರು. ಹಡಗಿನ ತಳಕ್ಕೆ ಬಿದ್ದ ತೂತಿನಲ್ಲೇ ಮುರಿದು ಉಳಿದಿದ್ದ ಹವಳದ ತುಂಡೊಂದು ಬಿರಡೆಯಂತೆ ನೀರನ್ನು ತಡೆದದ್ದು ಅದೃಷ್ಟವೇ ಸರಿ. 1775ರಲ್ಲಿ ಮಾರಾಟವಾಗಿ, 'ಲಾರ್ಡ್ ಸ್ಯಾಂಡ್‌ವಿಚ್' ಎಂಬ ಹೆಸರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸೈನಿಕರನ್ನು ಒಯ್ದು, ಕೈದಿಗಳ ಸೆರೆಮನೆಯೂ ಆಗಿದ್ದ ಈ ಹಡಗನ್ನು 1778ರ ಆಗಸ್ಟ್‌ನಲ್ಲಿ ಫ್ರೆಂಚ್ ಹಡಗುಗಳ ದಾರಿ ತಡೆಯಲು ಬ್ರಿಟಿಷರೇ ಅಮೆರಿಕದ ನ್ಯೂಪೋರ್ಟ್ ಬಂದರಿನಲ್ಲಿ ಮುಳುಗಿಸಿದರು.