ಗಾರ್ಡ್ ದಪ್ಪ ಇದ್ದರೆ ಕಾಲು ಉಳಿಯುತ್ತದಾ?

ಮಳೆಗಾಲ ಹತ್ತಿರ ಬಂತೆಂದರೆ ನನ್ನ ಗ್ಯಾರೇಜಿಗೆ ಬರುವವರ ಬಾಯಲ್ಲೂ, ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಒಂದೇ ಮಾತು: ಕ್ರ್ಯಾಶ್ ಗಾರ್ಡ್, ಅಂದರೆ ಬೈಕಿನ ಎಂಜಿನ್ ಮುಂದೆ ಎರಡೂ ಬದಿಗೆ ಚಾಚಿರುವ ಆ ಪೈಪು. ಹೋದ ವರ್ಷವೂ ಹೇಳಿದ್ದೆ. ಯಾರೂ ಕೇಳಿಸಿಕೊಂಡಂತಿಲ್ಲ. ಈ ಸಲ ಒಂದು ಪ್ರಶ್ನೆಗೆ ಉದ್ದಕ್ಕೇ ಉತ್ತರಿಸುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ.

ಪ್ರಶ್ನೆ: ನನ್ನದು 150 ಸಿಸಿ ಬೈಕು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಓಡಾಟ ಜಾಸ್ತಿ. ದಪ್ಪ ಪೈಪಿನ ಭಾರದ ಗಾರ್ಡ್ ಹಾಕಿಸಿದರೆ ಬಿದ್ದರೂ ಕಾಲಿಗೆ ಏನೂ ಆಗುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಗೆಳೆಯರು ಸ್ಲೈಡರ್ (ಬೈಕಿನ ಪಕ್ಕಕ್ಕೆ ಕೂರಿಸುವ ನೈಲಾನ್ ಗುಬ್ಬಿ) ಸಾಕು ಅನ್ನುತ್ತಾರೆ. ಯಾವುದು ಹಾಕಿಸಲಿ?

ಮೊದಲು ಕಾಲಿನ ವಿಷಯ. ಆ ಅಂಗಡಿಯವರ ಮಾತು ಸುಳ್ಳು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ ಸುಮಾರು 900 ಬೈಕ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ಪರೀಕ್ಷಿಸಿತ್ತು. 1981ರಲ್ಲಿ ವರದಿ ಬಂತು. ಗಾರ್ಡ್ ಇದ್ದಾಗ ಪಾದಕ್ಕೂ ಕಣಕಾಲಿಗೂ ಆಗುವ ಗಾಯ ಕಡಿಮೆಯಾಗುತ್ತದೆ, ಆದರೆ ಮೊಣಕಾಲಿಗೂ ತೊಡೆಗೂ ಆಗುವ ಗಾಯ ಅಷ್ಟೇ ಹೆಚ್ಚಾಗುತ್ತದೆ ಅಂತ ಅದರಲ್ಲಿದೆ. ಅಂದರೆ ಒಟ್ಟು ಲಾಭ ಸೊನ್ನೆ. ಅಲ್ಲಿನ ಬೈಕು ಬೇರೆ, ರಸ್ತೆ ಬೇರೆ ಅಂತ ವಾದ ಮಾಡುವವರಿದ್ದಾರೆ. ಮಾಡಲಿ. ಮೊಣಕಾಲು ಎಲ್ಲ ಕಡೆಯೂ ಒಂದೇ ಅಲ್ವಾ?

ನಿಂತಲ್ಲೇ ವಾಲಿದಾಗ, ತಿರುವಿನಲ್ಲಿ ನಿಧಾನಕ್ಕೆ ಜಾರಿದಾಗ ಗಾರ್ಡ್ ಇದ್ದರೆ ಬೈಕಿಗೂ ನೆಲಕ್ಕೂ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ. ಕಾಲು ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗುವುದು ತಪ್ಪಬಹುದು. ಅಷ್ಟು ಒಪ್ಪುತ್ತೇನೆ. ಬಸ್ಸಿಗೋ ಕಾರಿಗೋ ಗುದ್ದಿದಾಗ ಅದು ನಿಮ್ಮನ್ನು ಕಾಯುತ್ತದೆ ಅಂತ ನಂಬಿದರೆ ನಾನೇನೂ ಮಾಡಲಾರೆ.

ಹಾಗಾದರೆ ಗಾರ್ಡ್ ಯಾಕೆ? ಬೈಕಿಗೋಸ್ಕರ. ಘಟ್ಟದ ನಡುವೆ ಬಿದ್ದು ಎಂಜಿನ್ನಿನ ಪಕ್ಕದ ಕವರ್ ಒಡೆಯಿತು ಅಂದುಕೊಳ್ಳಿ. ಆಯಿಲ್ ಎಲ್ಲ ರಸ್ತೆಗೆ. ಮೇಲೆ ಮಳೆ, ಫೋನಿಗೆ ಸಿಗ್ನಲ್ ಇಲ್ಲ. ಗಾರ್ಡ್ ತಪ್ಪಿಸುವುದು ಇದನ್ನು. ಗೇರ್ ಲಿವರ್, ಬ್ರೇಕ್ ಪೆಡಲ್ ಬಗ್ಗದಿದ್ದರೆ ಗಾಡಿ ಎತ್ತಿ ನಿಲ್ಲಿಸಿ ಮನೆ ಸೇರಬಹುದು.

ಇನ್ನು ದಪ್ಪದ ಮಾತು. ಪೈಪು ಎಷ್ಟು ದಪ್ಪ ಅಂತ ಎಲ್ಲರೂ ಕೇಳುತ್ತಾರೆ, ಅದು ಎಲ್ಲಿ ಕೂತಿದೆ ಅಂತ ಒಬ್ಬರೂ ಕೇಳುವುದಿಲ್ಲ. ಗಾರ್ಡಿನ ಹೊರ ತುದಿಗೆ ಪೆಟ್ಟು ಬಿದ್ದಾಗ ಇಡೀ ಗಾರ್ಡ್ ಹಾರೆಯ ಹಾಗೆ ಕೆಲಸ ಮಾಡಿ, ಬೋಲ್ಟ್ ಇರುವ ಜಾಗವನ್ನು ಮೀಟುತ್ತದೆ. ಪೈಪು ಬಗ್ಗದಷ್ಟು ಗಟ್ಟಿ ಇದ್ದರೆ ಆ ಪೆಟ್ಟು ಹೋಗುವುದೆಲ್ಲಿಗೆ? ಫ್ರೇಮಿಗೆ, ಇಲ್ಲವೇ ಎಂಜಿನ್ ಹಿಡಿದಿರುವ ಕಿವಿಗೆ. ಅದು ಅಲ್ಯೂಮಿನಿಯಂ, ಬಗ್ಗುವುದಿಲ್ಲ, ಸೀಳುತ್ತದೆ. ಬಗ್ಗಿದ ಗಾರ್ಡ್ ತೆಗೆದು ಹೊಸದು ಹಾಕಬಹುದು. ಫ್ರೇಮ್ ಬಗ್ಗಿದರೆ ಬೈಕನ್ನೇ ಮಾರುವ ಯೋಚನೆ ಮಾಡಬೇಕು. ಬಗ್ಗುವುದು ಗಾರ್ಡಿನ ಕೆಲಸ, ಅದನ್ನು ಮಾಡಲು ಬಿಡಿ.

ನೀವು ನೋಡಬೇಕಾದದ್ದು ಇದು. ನಿಮ್ಮ ಮಾಡೆಲ್ಲಿಗೇ ಮಾಡಿದ ಗಾರ್ಡ್ ಆಗಿರಬೇಕು. ‘ಎಲ್ಲ ಬೈಕಿಗೂ ಆಗುತ್ತದೆ’ ಅನ್ನುವುದು ಯಾವುದಕ್ಕೂ ಸರಿಯಾಗುವುದಿಲ್ಲ. ಪ್ರತಿ ಬದಿಯೂ ಒಂದಕ್ಕಿಂತ ಹೆಚ್ಚು ಕಡೆ ಕೂತಿರಬೇಕು. ಎಂಜಿನ್ ಮುಂದೆ ಇಳಿಯುವ ಫ್ರೇಮ್ ಪೈಪಿಗೆ ಒಂದೇ ಕ್ಲ್ಯಾಂಪ್ ಹಾಕಿ ನೇತುಹಾಕಿದ್ದರೆ ಕೈಯಿಂದ ಜಗ್ಗಿದರೂ ಅಲುಗುತ್ತದೆ, ಬಿದ್ದಾಗ ಹಿಂದಕ್ಕೆ ತಿರುಗಿ ಬ್ರೇಕ್ ಪೆಡಲ್ಲನ್ನೇ ಒತ್ತುತ್ತದೆ. ಅಗಲ ಹ್ಯಾಂಡಲ್ಲಿಗಿಂತ ಹೊರಗೆ ಚಾಚಬಾರದು. ಸಂತೆಪೇಟೆಯಲ್ಲಿ ಇನ್ನೊಬ್ಬರ ಗಾಡಿಗೆ ಸಿಕ್ಕಿಸಿಕೊಂಡು ಬೀಳುವವರು ಇಂಥ ಅಗಲದ ಗಾರ್ಡ್ ಹಾಕಿಸಿದವರೇ. ಮುಂದಿನ ಬ್ರೇಕ್ ಹಿಡಿದು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗಿನ ಕೊಳವೆಗಳು) ಪೂರ್ತಿ ಕೆಳಗೆ ಒತ್ತಿ, ಮಡ್‌ಗಾರ್ಡ್ ಪೈಪಿಗೆ ತಾಗುತ್ತದಾ ನೋಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ.

ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ. ಗಾರ್ಡ್ ಸಿಕ್ಕಿಸಲು ಎಂಜಿನ್ ಬೋಲ್ಟ್ ಬಿಚ್ಚುವ ಮೊದಲು ಎಂಜಿನ್ನಿನ ಅಡಿಗೆ ಜಾಕ್ ಅಥವಾ ಮರದ ತುಂಡು ಕೊಡಬೇಕು. ಇಲ್ಲದಿದ್ದರೆ ಎಂಜಿನ್ ಒಂದು ಎಳೆ ಕೆಳಗಿಳಿದು ತೂತು ಹೊಂದುವುದಿಲ್ಲ. ಆಮೇಲೆ ಸುತ್ತಿಗೆಯಲ್ಲಿ ಬಡಿದು ತೂರಿಸುವ ಮಹಾಶಯರಿದ್ದಾರೆ, ಅವರ ಕೈಗೆ ಗಾಡಿ ಕೊಡಬೇಡಿ. ಗಾರ್ಡಿನ ಜೊತೆ ಬರುವ ಉದ್ದ ಬೋಲ್ಟಿನ ತಲೆ ನೋಡಿ. 8.8 ಅಥವಾ 10.9 ಅಂತ ಕೊರೆದಿರುತ್ತದೆ, ಅದು ಬೋಲ್ಟಿನ ಗಟ್ಟಿತನದ ದರ್ಜೆ. ಬಿಚ್ಚಿದ ಬೋಲ್ಟಿನ ಮೇಲೆ ಯಾವ ನಂಬರ್ ಇತ್ತೋ ಅದಕ್ಕಿಂತ ಕಡಿಮೆ ಬೇಡ. ಏನೂ ಬರೆಯದ ಬೋಲ್ಟ್ ಬಂದರೆ ವಾಪಸ್ ಕೊಡಿ. ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬಿಗಿಸಲಿ, ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿಸಿ.

ನಾನು ಹೊಸ ಗಾರ್ಡ್ ಕೂರಿಸಿದ ಮೇಲೆ ಒಂದು ಕೆಲಸ ಮಾಡುತ್ತೇನೆ. ನೆಲಕ್ಕೆ ಗೋಣಿಚೀಲ ಹಾಸಿ, ಇಬ್ಬರು ಹಿಡಿದು ಬೈಕನ್ನು ಮೆಲ್ಲಗೆ ಮಲಗಿಸುತ್ತೇವೆ. ಹ್ಯಾಂಡಲ್ ತುದಿ, ಗಾರ್ಡ್, ಫುಟ್‌ರೆಸ್ಟ್, ಇಷ್ಟೇ ನೆಲ ಮುಟ್ಟಬೇಕು. ಎಂಜಿನ್ ಕವರಿನ ಕೆಳಗೆ ಕೈ ಹೋಗಬೇಕು. ಹೋಗದಿದ್ದರೆ ಆ ಗಾರ್ಡ್ ಬರೀ ಅಂದಕ್ಕೆ. ಟ್ಯಾಂಕ್ ತುಂಬಿದ್ದಾಗ ಇದನ್ನು ಮಾಡಬೇಡಿ, ಪೆಟ್ರೋಲ್ ಸೋರುತ್ತದೆ.

ಇನ್ನು ಸ್ಲೈಡರ್, ಆ ನೈಲಾನ್ ಗುಬ್ಬಿ. ನುಣುಪಾದ ಡಾಂಬರಿನ ಮೇಲೆ ಬೈಕು ಉದ್ದಕ್ಕೆ ಜಾರಿ ಹೋಗಲು ಅದು ಒಳ್ಳೆಯದು. ನಮ್ಮ ಘಟ್ಟದಲ್ಲಿ ಡಾಂಬರು ಮುಗಿದ ಕೂಡಲೇ ನೆನೆದ ಕೆಂಪು ಮಣ್ಣು, ಅದರಾಚೆ ಚರಂಡಿ. ಅಲ್ಲಿ ಆ ಗುಬ್ಬಿ ಮಣ್ಣಿಗೆ ಕಚ್ಚಿಕೊಂಡರೆ ಬೈಕು ಪಲ್ಟಿ ಹೊಡೆಯಬಹುದು. ನಿಮ್ಮ 150ಕ್ಕೆ ಗಾರ್ಡೇ ಸರಿ. ಮಧ್ಯಮ ದಪ್ಪದ್ದು, ಬೈಕ್ ಕಂಪನಿಯದೇ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಾರ್ಡಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಮೊದಲು ಮುಂದಿನ ಟೈರ್ ನೋಡಿ. ಸವೆದ ಟೈರಿನ ಮೇಲೆ ಗಾರ್ಡ್ ಹಾಕಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ಬಲವಾಗಿ ಬಿದ್ದ ಮೇಲೆ ಗಾರ್ಡ್ ತೆಗೆದು, ಕ್ಲ್ಯಾಂಪ್ ಕೂತಿದ್ದ ಕಡೆ ಬಣ್ಣ ಬಿರಿದಿದೆಯಾ ನೋಡಿ. ಬಗ್ಗಿದ ಪೈಪನ್ನು ಗ್ಯಾಸಿನಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬೇಡಿ.

ಪ್ರಶ್ನೆ: ಕಾರವಾರದ ಉಪ್ಪು ಗಾಳಿಗೆ ಸ್ಟೀಲ್ ಗಾರ್ಡ್ ಹಾಕಿಸಿದೆ. ಅಯಸ್ಕಾಂತ ಹಿಡಿಯಲಿಲ್ಲ, ಹಾಗಾಗಿ 304 ಅನ್ನುವ ಒಳ್ಳೆ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತ ಕೊಟ್ಟರು. ಆರು ತಿಂಗಳಲ್ಲೇ ಕಂದು ಕಲೆ ಬಂದಿದೆ. ಯಾಕೆ?

ಅಯಸ್ಕಾಂತದ ಪರೀಕ್ಷೆ ಅಂಗಡಿಯವರ ಜಾದೂ. ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ, ಕಡಲ ಗಾಳಿಗೆ ಬೇಗ ಸೋಲುತ್ತದೆ. ಅಸಲಿ 304 ಇದ್ದರೂ ಕಾರವಾರದಲ್ಲಿ ತೊಳೆಯದೆ ಬಿಟ್ಟರೆ ಕಲೆ ಬಂದೇ ಬರುತ್ತದೆ. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು ಒರೆಸಿ. ಪೈಪಿನ ಅಡಿಯಲ್ಲಿ ನೀರು ಇಳಿಯುವ ತೂತು ಇದೆಯಾ, ಮಣ್ಣು ಮೆತ್ತಿ ಮುಚ್ಚಿದೆಯಾ, ಅದನ್ನೂ ನೋಡಿ.

ಪ್ರಶ್ನೆ: ಗಾರ್ಡಿಗೆ ಹಗ್ಗ ಸುತ್ತಿದರೆ ಪೆಟ್ಟು ಕಡಿಮೆಯಾಗುತ್ತದಂತೆ, ನಿಜವೇ?

ಇಲ್ಲ. ಮೊನ್ನೆ ಅಂಕೋಲೆಯ ಒಂದು ಬುಲೆಟ್ಟಿನ ಹಗ್ಗ ಬಿಚ್ಚಿದೆ. ಒಳಗೆ ಹಗ್ಗದ ಎಳೆಗಳ ಅಚ್ಚೇ ತುಕ್ಕಿನಲ್ಲಿ ಮೂಡಿತ್ತು. ಕೆಳಗಿನ ಬಾಗಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ತೂತೇ ಬಿತ್ತು. ಹಗ್ಗ ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ ಅದು ಮಾಡುವ ಕೆಲಸ.

ಪ್ರಶ್ನೆ: ಸೀರೆ ಗಾರ್ಡ್ ತೆಗೆದರೆ ಬೈಕು ಚೆಂದ ಕಾಣುತ್ತದೆ. ತೆಗೆಯಬಹುದಾ?

ಬೇಡ. ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ರಕ್ಷಣೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ನಿಯಮ ಬಿಡಿ, ಹಿಂದೆ ಕೂರುವ ಅಮ್ಮನ ಸೆರಗು ನೆನಪಿರಲಿ.

ಪ್ರಶ್ನೆ: ಹೆದ್ದಾರಿ ಬದಿಯಲ್ಲಿ ಮಾರುವ ಹೆಲ್ಮೆಟ್ಟಿನಲ್ಲೂ ಐಎಸ್ಐ ಗುರುತು ಇರುತ್ತದಲ್ಲ?

ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸುತ್ತಾರೆ. 2021ರ ಜೂನ್‌ನಿಂದ ಐಎಸ್ 4151 (ಹೆಲ್ಮೆಟ್ಟಿನ ಮಾನದಂಡ) ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ, ಪಟ್ಟಿ ಹಾಕಿಕೊಳ್ಳಿ.

ಪ್ರಶ್ನೆ: ಗಾರ್ಡಿಗೆ ಹಾಲಿನ ಕ್ಯಾನ್ ಕಟ್ಟಬಹುದಾ?

ಎಲ್ಲರೂ ಕಟ್ಟುತ್ತಾರೆ, ನನಗೂ ಗೊತ್ತು. ಕಟ್ಟಬೇಡಿ. ದಿನಾ ಅಲುಗಿ ಬೋಲ್ಟ್ ಸಡಿಲವಾಗುತ್ತದೆ, ತಿರುವಿನಲ್ಲಿ ಕಾಲಿಗೂ ಬ್ರೇಕಿಗೂ ಅಡ್ಡ ಬರುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿಕೊಳ್ಳಿ.